ಗಾಳಿಮಾತಿನ ಚರಿತ್ರೆ

ಎಂಟನೆಯ ತರಗತಿಯ ಚರಿತ್ರೆಯಲ್ಲಿ ಮೊದಲ ಪಾಠವೇ ‘ಆಧಾರಗಳು’. ಸಾಹಿತ್ಯಿಕ ಆಧಾರ, ಪುರಾತತ್ವ ಆಧಾರ, ಶಾಸನ, ನಾಣ್ಯ, ಸ್ಮಾರಕ ಎಂದು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಬೋರ್ಡಿನ ಮೇಲೆ ಕವಲು ಕವಲಾಗಿ ಬರೆದು ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಕೆಲವು ವರ್ಷಗಳ ಕೆಳಗೆ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ವಾಟ್ಸಾಪಿನಲ್ಲಿ ಬಂದದ್ದು ಯಾವ ಆಧಾರ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ನಗದಿರುವುದಕ್ಕೆ ನನಗೆ ಕಾರಣವಿತ್ತು. ಅದನ್ನು ಆ ದಿನ ಮಕ್ಕಳಿಗೆ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ.

ಮೊದಲು ನಮ್ಮೂರಿನ ವಿಷಯ ಎರಡು ಮಾತು. ತಿರುಮಣಿ ಪಾವಗಡ ತಾಲ್ಲೂಕಿಗೆ ಸೇರಿದ್ದು. ತುಮಕೂರು ಜಿಲ್ಲೆ ಎಂದು ಹೆಸರೇ ಹೊರತು, ಸುತ್ತ ಮೂರು ದಿಕ್ಕಿಗೂ ಆಂಧ್ರದ ನೆಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕಡಲೆಕಾಯಿ ಬೆಳೆ, ಮಳೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಮಕ್ಕಳ ಹಲ್ಲುಗಳ ಮೇಲೆ ಕಂದು ಪಟ್ಟೆ. ಈಚೆಗೆ ನಮ್ಮೂರಿನ ಹೆಸರು ದೊಡ್ಡದಾಗಿದ್ದು ಸೋಲಾರ್ ಪಾರ್ಕಿನಿಂದ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ 13,000 ಎಕರೆಯಲ್ಲಿ 2,050 ಮೆಗಾವಾಟಿನ ಗಾಜಿನ ಹಲಗೆಗಳು. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣ ಬರತೊಡಗಿತು. ಆ ಹಣ ಬಂದ ಕಾಲಕ್ಕೇ ಮನೆಮನೆಗೂ ಟಚ್ ಫೋನು ಬಂದಿತು. ಓದು ಬಾರದ ತಾಯಂದಿರೂ ಚಿತ್ರ ನೋಡಲು, ಮಾತು ಕೇಳಲು ಕಲಿತರು.

ಆದರೆ ಗಾಳಿಮಾತಿಗೆ ಫೋನು ಬೇಕೇ ಬೇಕು ಎಂದು ತಿಳಿಯಬೇಡಿ. 1857ರ ಮೊದಲ ತಿಂಗಳುಗಳಲ್ಲಿ ಉತ್ತರ ಹಿಂದೂಸ್ಥಾನದ ಹಳ್ಳಿಗಳಲ್ಲಿ ಚಪಾತಿಗಳು ಊರಿಂದೂರಿಗೆ ಓಡಾಡಿದವು. ಒಂದೂರಿನ ಕಾವಲುಗಾರ ಪಕ್ಕದೂರಿನವನಿಗೆ ಚಪಾತಿ ಕೊಟ್ಟು, ನೀನೂ ಇಷ್ಟು ಮಾಡಿಸಿ ಮುಂದಿನ ಊರಿಗೆ ಕಳಿಸು ಎನ್ನುತ್ತಿದ್ದ. ಯಾಕೆ, ಏನು ಎಂದು ಕೊಟ್ಟವನಿಗೂ ಗೊತ್ತಿಲ್ಲ, ತೆಗೆದುಕೊಂಡವನಿಗೂ ಗೊತ್ತಿಲ್ಲ. ಕಳಿಸದಿದ್ದರೆ ಏನಾದರೂ ಕೇಡಾದೀತು ಎಂಬ ಭಯ ಮಾತ್ರ ಎಲ್ಲರಿಗೂ. ಈ ಪಾಠ ಮಾಡುವಾಗ ಮಕ್ಕಳು, “ಇದು ಫಾರ್ವರ್ಡ್ ಮೆಸೇಜ್ ಅಲ್ವಾ ಮಿಸ್” ಎನ್ನುತ್ತಾರೆ. ಹೌದು, ಅದೇ.

ಬೆಂಗಳೂರಿನ ಚರಿತ್ರೆಯನ್ನೇ ನೋಡಿ. 1928ರಲ್ಲಿ ಸುಲ್ತಾನಪೇಟೆಯ ಶಾಲೆಯ ಆವರಣದಲ್ಲಿದ್ದ ಗಣಪತಿಯ ಸಲುವಾಗಿ ಗಲಭೆಯಾಯಿತು. ಬೀದಿಗೆ ಬಂದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಮಿರ್ಜಾ ಇಸ್ಮಾಯಿಲ್ ಆಗ ದಿವಾನರು. ವಿಚಾರಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದಲ್ಲಿ ಸಮಿತಿಯಾಯಿತು. 1986ರ ಡಿಸೆಂಬರಿನಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಒಂದು ಸಣ್ಣಕತೆಯಿಂದ ಬೆಂಗಳೂರು, ಮೈಸೂರುಗಳಲ್ಲಿ ಬೆಂಕಿ ಬಿತ್ತು. ಬೀದಿಗಿಳಿದವರಲ್ಲಿ ಎಷ್ಟು ಜನ ಆ ಕತೆ ಓದಿದ್ದರೋ! 1994ರ ಅಕ್ಟೋಬರಿನಲ್ಲಿ ದೂರದರ್ಶನದಲ್ಲಿ ಉರ್ದು ವಾರ್ತೆ ಶುರುವಾದದ್ದಕ್ಕೆ ಮತ್ತೆ ಗಲಭೆ, ಮತ್ತೆ ಸಾವು. ಒಂದು ಕಾಲಕ್ಕೆ ಪತ್ರಿಕೆ, ಇನ್ನೊಂದು ಕಾಲಕ್ಕೆ ಟಿ.ವಿ., ಈಗ ಫೋನು. ಬಂಡಿ ಬದಲಾಯಿತು, ಬಂಡಿಯಲ್ಲಿ ಹೇರಿದ ಸರಕು ಅದೇ.

ಇವುಗಳ ನಡುವೆ ಒಂದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

1991ರಲ್ಲಿ ನಾನು ಬೆಂಗಳೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ಶ್ರೀರಾಮಪುರದಲ್ಲಿ ದೊಡ್ಡಮ್ಮನ ಮನೆಯಲ್ಲಿ ಇದ್ದೆ. ಅದೊಂದು ವಠಾರ, ಒಂದು ಗೋಡೆಯ ಆಚೆ ತಮಿಳರ ಮನೆ. ಗಂಡ ಗಾರೆ ಕೆಲಸ, ಹೆಂಡತಿ ಹೂ ಕಟ್ಟಿ ಮಾರುತ್ತಿದ್ದಳು. ನಾನು ಆಕೆಯನ್ನು ಅಕ್ಕಾ ಎನ್ನುತ್ತಿದ್ದೆ. ಬೆಳಿಗ್ಗೆ ಕಾಲೇಜಿಗೆ ಹೊರಟರೆ ಒಂದು ಮೊಳ ಕನಕಾಂಬರ ಮುಡಿಸದೆ ಕಳಿಸುತ್ತಿರಲಿಲ್ಲ. ಆ ವರ್ಷ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ತೀರ್ಪು ಕೊಟ್ಟಿತ್ತು. ಡಿಸೆಂಬರ್ 11ರಂದು ಅದು ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ಮಾರನೆಯ ದಿನದಿಂದ ಬೆಂಗಳೂರು ಬೆಂಗಳೂರಾಗಿ ಉಳಿಯಲಿಲ್ಲ.

ಆಗ ವಠಾರದಲ್ಲಿ ಯಾರ ಮನೆಯಲ್ಲೂ ಫೋನಿರಲಿಲ್ಲ. ಆದರೂ ಸುದ್ದಿ ನಿಮಿಷಕ್ಕೊಂದು ಬರುತ್ತಿತ್ತು. “ಅಲ್ಲಿ ನಮ್ಮವರನ್ನ ಕೊಂದು ಲಾರಿಯಲ್ಲಿ ತುಂಬಿ ಕಳಿಸಿದ್ದಾರಂತೆ” ಎಂದು ಹಾಲಿನವನು ಹೇಳಿದ. “ಒಂದು ಲಾರಿಯಲ್ಲ, ಮೂರು” ಎಂದ ಅಂಗಡಿಯವನು. ಕಂಡವರು ಯಾರೂ ಇಲ್ಲ; ಆದರೆ ಎಲ್ಲರಿಗೂ ಗೊತ್ತು. ಸಂಜೆಯ ಹೊತ್ತಿಗೆ ಬೀದಿಯ ತುದಿಯಲ್ಲಿ ಹೊಗೆ ಎದ್ದಿತು. ಹೂವಿನ ಅಕ್ಕ ಮಕ್ಕಳಿಬ್ಬರನ್ನೂ ತಬ್ಬಿಕೊಂಡು ಒಳಗೆ ಮಂಚದ ಕೆಳಗೆ ಕೂತಿದ್ದಳು.

ಆಗ ದೊಡ್ಡಮ್ಮ ಒಂದು ಕೆಲಸ ಮಾಡಿದರು. ಅವರು ಓದಿದ್ದು ನಾಲ್ಕನೇ ಕ್ಲಾಸು. ಮೊರದ ತುಂಬ ಅವರೆಕಾಯಿ ತೆಗೆದುಕೊಂಡು ಹೋಗಿ ಆ ಅಕ್ಕನ ಮನೆಯ ಹೊಸ್ತಿಲ ಮೇಲೆ ಕೂತು ಸುಲಿಯತೊಡಗಿದರು. ನನ್ನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಹತ್ತು ಹನ್ನೆರಡು ಹುಡುಗರು ದೊಣ್ಣೆ ಹಿಡಿದು ವಠಾರದೊಳಗೆ ಬಂದರು. ಅವರಲ್ಲೊಬ್ಬ, “ಇದು ಯಾರ ಮನೆ?” ಎಂದ. ದೊಡ್ಡಮ್ಮ ತಲೆಯೆತ್ತದೆ, “ನಮ್ಮನೇನೆ ಕಣೋ, ಇನ್ಯಾರ ಮನೆ? ನೀನು ಹಿಂದಿನ ಬೀದಿ ಇಸ್ತ್ರಿ ಅಂಗಡಿಯವರ ಮಗ ಅಲ್ವೇನೋ? ನಿಮ್ಮಮ್ಮನಿಗೆ ಗೊತ್ತಾ ನೀನು ಇಲ್ಲಿರೋದು?” ಎಂದರು. ಆ ಹುಡುಗ ಕ್ಷಣ ಹೊತ್ತು ಸುಮ್ಮನೆ ನಿಂತ. ಆಮೇಲೆ ಗುಂಪು ಹಾಗೇ ಹಿಂದಕ್ಕೆ ಹೋಯಿತು. ನನ್ನ ಕೈ ನಡುಗಿ ಕಾಳೆಲ್ಲ ನೆಲಕ್ಕೆ ಚೆಲ್ಲಿದ್ದವು.

ಆ ಗಲಭೆಯಲ್ಲಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ತಮಿಳರು ಊರು ಬಿಟ್ಟು ಹೋದರು. ಹೂವಿನ ಅಕ್ಕನೂ ಒಂದು ವಾರದ ಮೇಲೆ ಸೇಲಂ ಕಡೆಗೆ ಹೋದವಳು ತಿರುಗಿ ಬರಲಿಲ್ಲ. ಆದರೆ ಆ ಸಂಜೆ ಆ ಹುಡುಗನಿಗೆ ಒಂದು ಮುಖ ಇತ್ತು, ತಾಯಿಯಿದ್ದಳು, ಅಂಗಡಿಯಿತ್ತು. ಅದನ್ನು ನೆನಪಿಸಿದ್ದೇ ತಡ, ಗುಂಪಿನಿಂದ ಅವನು ಹೊರಬಂದ. ದೊಡ್ಡಮ್ಮ ಗೆದ್ದದ್ದು ಅಷ್ಟರಿಂದಲೇ.

ಇಪ್ಪತ್ತೈದು ವರ್ಷದ ಮೇಲೆ, 2016ರಲ್ಲಿ, ಅದೇ ಕಾವೇರಿ, ಅದೇ ಬೆಂಗಳೂರು. ಆಗ ನಾನು ಊರಿನಲ್ಲಿದ್ದೆ. ಬೆಂಗಳೂರಿನಲ್ಲಿ ನನ್ನ ಬದಲು ನನ್ನ ವಿದ್ಯಾರ್ಥಿಯೊಬ್ಬನಿದ್ದ.

ಹುಡುಗ ಒಳ್ಳೆಯವನು. ಓದಿನಲ್ಲಿ ಹಿಂದೆ, ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಮುಂದೆ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಹೋಯಿತು; ಪೀಣ್ಯದ ಕಡೆ ಕಾರ್ಖಾನೆಯೊಂದಕ್ಕೆ ಸೇರಿದ. ಅಲ್ಲಿ ಅವನ ಮಾತಿನಲ್ಲಿ ತೆಲುಗಿನ ರಾಗ ಕೇಳಿ ಜೊತೆಯವರು ನಕ್ಕರಂತೆ. “ಏನೋ ಆಂಧ್ರ” ಎಂದೇ ಕರೆದರಂತೆ. ನಮ್ಮೂರಿನಲ್ಲಿ ಅವನು ಕನ್ನಡ ಶಾಲೆಯ ಹುಡುಗ; ಬೆಂಗಳೂರಿಗೆ ಹೋದರೆ ಪರದೇಶಿ. ಇಂಥ ಮಕ್ಕಳಿಗೆ ಊರಲ್ಲಿದ್ದ ಮನೆತನ, ಬೀದಿ, ಅಜ್ಜನ ಹೆಸರು ಯಾವುದೂ ಅಲ್ಲಿ ನಡೆಯುವುದಿಲ್ಲ. ಹೊಸ ಹೆಸರೊಂದು ಬೇಕು. ಅವನಿಗೆ ಆ ಹೆಸರು ಒಬ್ಬ ಸಿನಿಮಾ ನಟರ ಅಭಿಮಾನಿ ಬಳಗದಲ್ಲಿ ಸಿಕ್ಕಿತು. ಕೈಮೇಲೆ ಹಚ್ಚೆ, ಕುತ್ತಿಗೆಗೆ ಹಳದಿ ಕೆಂಪು ಶಾಲು, ಸಿನಿಮಾ ಬಿಡುಗಡೆಯ ದಿನ ಕಟೌಟಿಗೆ ಹಾಲಿನ ಅಭಿಷೇಕ, ಫೇಸ್‌ಬುಕ್ಕಿನಲ್ಲಿ ಫೋಟೋ. ಯುಗಾದಿಗೆ ಬಂದಾಗ ನನ್ನ ಕಾಲಿಗೆ ಬಿದ್ದು, ಫೋನು ತೆರೆದು ತೋರಿಸಿದ. “ನೋಡಿ ಮಿಸ್, ನಮ್ ಬಳಗ. ಒಂದು ಮಾತು ಹಾಕಿದ್ರೆ ಎಲ್ಲಾ ಬರ್ತಾರೆ.” ಆ ಮುಖದಲ್ಲಿದ್ದ ಸಂತೋಷ ನೋಡಿ ನಾನೂ ಸಂತೋಷಪಟ್ಟೆ. ಹುಡುಗನಿಗೆ ನಾಲ್ಕು ಜನ ದಿಕ್ಕಾದರಲ್ಲ ಎಂದುಕೊಂಡೆ. ಅದು ತಪ್ಪಲ್ಲ ಎಂದೇ ಇವತ್ತಿಗೂ ನನ್ನ ಭಾವನೆ.

ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟು ದಿನಕ್ಕೆ 15,000 ಕ್ಯೂಸೆಕ್ಸ್ ನೀರು ಬಿಡಿ ಎಂದಿತು. 9ರಂದು ಬಂದ್ ಆಯಿತು. ಆಮೇಲೆ ವಿಡಿಯೋಗಳು ಬರತೊಡಗಿದವು. ಫೇಸ್‌ಬುಕ್ಕಿನಲ್ಲಿ ಕನ್ನಡದ ನಟರನ್ನು ಹಾಸ್ಯ ಮಾಡಿದನೆಂದು ಬೆಂಗಳೂರಿನಲ್ಲಿ ಒಬ್ಬ ತಮಿಳು ವಿದ್ಯಾರ್ಥಿಯನ್ನು ಹೊಡೆದು, ಮಂಡಿಯೂರಿಸಿ ಕ್ಷಮೆ ಕೇಳಿಸಿದರು. ಹೊಡೆದದ್ದಲ್ಲದೆ ಅದನ್ನು ಚಿತ್ರಿಸಿ ಹಂಚಿದರು. ಆ ಚಿತ್ರ ತಮಿಳುನಾಡಿಗೆ ಹೋಯಿತು. 12ರ ಬೆಳಿಗ್ಗೆ ಚೆನ್ನೈನಲ್ಲಿ ಕರ್ನಾಟಕದವರ ಹೋಟೆಲಿಗೆ ಕಲ್ಲು ಬಿತ್ತು; ರಾಮೇಶ್ವರದಲ್ಲಿ ನಮ್ಮ ಕಡೆಯ ಚಾಲಕರ ಕೆನ್ನೆಗೆ ಹೊಡೆದರು. ಆ ಚಿತ್ರಗಳು ಇಲ್ಲಿಗೆ ಬಂದವು. ಟಿ.ವಿ.ಯವರು ಅವನ್ನೇ ತಿರುಗಿ ತಿರುಗಿ ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರು ಹೊತ್ತಿ ಉರಿಯಿತು. ನಾಯಂಡಹಳ್ಳಿಯ ಬಳಿ ಕೆ.ಪಿ.ಎನ್. ಸಂಸ್ಥೆಯ ಬಸ್ಸುಗಳು ಹತ್ತಾರು ಸಾಲಾಗಿ ನಿಂತಲ್ಲೇ ಸುಟ್ಟು ಹೋದವು. ಹದಿನಾರು ಪೊಲೀಸ್ ಠಾಣೆಗಳ ಸರಹದ್ದಿನಲ್ಲಿ ಕರ್ಫ್ಯೂ ಹಾಕಿದರು. ಗೋಲಿಬಾರಿನಲ್ಲಿ ಸತ್ತವನು ನಮ್ಮ ಜಿಲ್ಲೆಯ ಕುಣಿಗಲ್ ಕಡೆಯ ಹುಡುಗ.

1991ರ ಲಾರಿ ಸುಳ್ಳು. 2016ರ ಚಿತ್ರಗಳು ನಿಜ. ಆದರೆ ಕೋಟಿ ಜನರ ನಡುವೆ ನಾಲ್ಕು ಜನ ಮಾಡಿದ್ದನ್ನು ಮತ್ತೆ ಮತ್ತೆ ತೋರಿಸಿದರೆ, ಆ ಕಡೆಯವರೆಲ್ಲ ಹೀಗೆಯೇ ಎಂದು ಮನಸ್ಸು ನಂಬಿಬಿಡುತ್ತದೆ. ನಿಜವಾದ ಚಿತ್ರವೂ ಸುಳ್ಳು ಹೇಳಬಲ್ಲದು ಎಂಬುದನ್ನು ಚರಿತ್ರೆ ಪಾಠ ಮಾಡುವ ನಾನು ಅಷ್ಟು ತಡವಾಗಿ ಕಲಿತೆ.

ನಮ್ಮ ಹುಡುಗನಿಗೂ ಬಳಗದಿಂದ ಕರೆ ಬಂತು. ಹೋದ. ಅವನು ಬಸ್ಸಿಗೆ ಬೆಂಕಿ ಹಚ್ಚಲಿಲ್ಲ. ಉರಿಯುವ ಟೈರಿನ ಮುಂದೆ ಶಾಲು ಬೀಸುತ್ತ ಘೋಷಣೆ ಕೂಗಿದ್ದನ್ನು ತಾನೇ ವಿಡಿಯೋ ಮಾಡಿ ಫೇಸ್‌ಬುಕ್ಕಿಗೆ ಹಾಕಿದ. ನಾಲ್ಕನೆಯ ದಿನ ಪೊಲೀಸರು ಆ ವಿಡಿಯೋ ಹಿಡಿದೇ ಕೋಣೆಯ ಬಾಗಿಲಿಗೆ ಬಂದರು. ತನ್ನ ವಿರುದ್ಧ ತಾನೇ ಸಾಕ್ಷಿ! ‘ಒಂದು ಮಾತು ಹಾಕಿದರೆ ಬರುವ’ ಬಳಗದಿಂದ ಜಾಮೀನಿಗೆ ಒಬ್ಬರೂ ಬರಲಿಲ್ಲ. ಅವನ ತಾಯಿ ಕಡಲೆಕಾಯಿ ಮಾರಿದ ದುಡ್ಡು ಸೆರಗಿಗೆ ಕಟ್ಟಿಕೊಂಡು ಕೋರ್ಟಿನ ಕಾಗದ ಓದಿಸಲು ನನ್ನಲ್ಲಿಗೆ ಬಂದಳು. “ಟೀಚರಮ್ಮಾ, ಕಾವೇರಿ ಅಂದ್ರೆ ಯಾವ ಕಡೆ? ನಮ್ ಹೊಲಕ್ಕೆ ಬರ್ತದಾ?” ಎಂದು ಕೇಳಿದಳು. ನಮ್ಮ ತಾಲ್ಲೂಕಿನಲ್ಲಿ ಹರಿಯುವುದು ಉತ್ತರ ಪಿನಾಕಿನಿ, ಅದೂ ಮಳೆ ಬಂದರೆ. ಕಾವೇರಿಗೂ ನಮಗೂ ಸಂಬಂಧವಿಲ್ಲ. ಏನು ಉತ್ತರ ಹೇಳಲಿ? ಮನೆಯಲ್ಲಿ ತೆಲುಗಾಡುವ ಹುಡುಗ, ತಾನು ಕನ್ನಡಿಗನೆಂದು ತೋರಿಸಲು ತಮಿಳರ ಮೇಲೆ ಕೂಗಿ ಜೈಲಿಗೆ ಹೋಗಿದ್ದ. ಬಿಡುಗಡೆಯಾಗಿ ಬಂದ ಮೇಲೆ ಊರಿನಲ್ಲೇ ಕಾವಲಿನ ಕೆಲಸಕ್ಕೆ ಅರ್ಜಿ ಹಾಕಿದ. ಪೊಲೀಸ್ ಪರಿಶೀಲನೆಯಲ್ಲಿ ಕೇಸು ಕಂಡು ಅದೂ ತಪ್ಪಿತು.

ಹಾಗಾದರೆ ಅಭಿಮಾನಿಗಳೆಂದರೆ ಗಲಭೆಕೋರರೇ? ಹಾಗೆಂದು ಬರೆಯುವವರನ್ನು ನೋಡಿದ್ದೇನೆ. ಒಪ್ಪಲಾರೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಕಲ್ಲು, ಬೆಂಕಿ, ಗೋಲಿಬಾರು ಎಲ್ಲ ಆಯಿತು. ಪೊಲೀಸ್ ಪೇದೆಯೊಬ್ಬರೂ ಗುಂಪಿನ ಕೈಗೆ ಸಿಕ್ಕಿ ಸತ್ತರು. ಮಾರನೆಯ ದಿನವೇ ಅಂತ್ಯಕ್ರಿಯೆ. ದೂರದಿಂದ ಬಂದವರಿಗೆ ಕೊನೆಯ ದರ್ಶನವೂ ಸಿಗಲಿಲ್ಲ. 2021ರ ಅಕ್ಟೋಬರ್ 29ರಂದು ಅವರ ಕಿರಿಯ ಮಗ ಪುನೀತ್ ತೀರಿಕೊಂಡರು. ಆಗ ಎಲ್ಲರ ಕೈಯಲ್ಲೂ ಫೋನಿತ್ತು. ದುಃಖ ಕಡಿಮೆಯೇನೂ ಇರಲಿಲ್ಲ. ಆದರೆ ಕಂಠೀರವ ಕ್ರೀಡಾಂಗಣದಲ್ಲಿ ಹಗಲು ರಾತ್ರಿ ದರ್ಶನಕ್ಕೆ ಬಿಟ್ಟರು; ಮದ್ಯದಂಗಡಿ ಮುಚ್ಚಿಸಿದರು; ಮನೆಯವರು ಕೈಮುಗಿದು ಶಾಂತಿ ಬೇಡಿದರು. ಲಕ್ಷಾಂತರ ಜನ ಸಾಲಿನಲ್ಲಿ ನಿಂತು ನೋಡಿ, ಅತ್ತು, ಮನೆಗೆ ಹೋದರು. ಆಮೇಲೆ ಅದೇ ಅಭಿಮಾನಿಗಳು ಸಾಲುಗಟ್ಟಿ ನೇತ್ರದಾನಕ್ಕೆ ಹೆಸರು ಬರೆಸಿದರು. ಅದೇ ಪ್ರೀತಿ, ಹರಿಯಲು ದಾರಿ ಮಾಡಿಕೊಟ್ಟರೆ ನೀರು, ಕಟ್ಟೆ ಒಡೆದರೆ ಪ್ರವಾಹ.

ಇದು ನಮ್ಮಲ್ಲಿ ಮಾತ್ರವಲ್ಲ. 2011ರ ಆಗಸ್ಟಿನಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ ಪೊಲೀಸರ ಗುಂಡಿಗೆ ಒಬ್ಬ ಸತ್ತ ಮೇಲೆ ಇಂಗ್ಲೆಂಡಿನ ಹಲವು ಊರುಗಳಲ್ಲಿ ಗಲಭೆಯಾಯಿತು. ಹುಡುಗರು ಬ್ಲ್ಯಾಕ್‌ಬೆರಿ ಫೋನಿನ ಸಂದೇಶಗಳಲ್ಲಿ ಜಾಗ, ಹೊತ್ತು ಹೇಳಿಕೊಂಡು ಸೇರಿದರು. ಫೋನೇ ತಪ್ಪಿತಸ್ಥ ಎಂದು ಅಲ್ಲಿಯ ಸರ್ಕಾರ ಗದರಿತು. ಆದರೆ ಮರುದಿನ ಟ್ವಿಟರಿನಲ್ಲಿ ಕರೆ ಕೊಟ್ಟು, ಪೊರಕೆ ಹಿಡಿದು ಬೀದಿ ಗುಡಿಸಲು ನೂರಾರು ಜನ ಬಂದದ್ದೂ ಅದೇ ಫೋನಿನಿಂದ. 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಕಲ್ಲೇ ಬೀಳಲಿಲ್ಲ. ರಂಜಾನ್ ಮುಗಿದ ಮೇಲೆ ಈಶಾನ್ಯ ರಾಜ್ಯದವರನ್ನು ಹೊಡೆಯುತ್ತಾರೆ ಎಂಬ ಎಸ್.ಎಂ.ಎಸ್.ಗೇ ಹೆದರಿ ಸಾವಿರಾರು ಮಕ್ಕಳು ಗುವಾಹಟಿ ರೈಲು ಹತ್ತಿದರು. ಸರ್ಕಾರ ಹದಿನೈದು ದಿನ ರಾಶಿ ಸಂದೇಶಗಳನ್ನೇ ನಿಲ್ಲಿಸಬೇಕಾಯಿತು. 2020ರ ಆಗಸ್ಟ್ 11ರ ರಾತ್ರಿ ಒಂದು ಫೇಸ್‌ಬುಕ್ ಬರಹದಿಂದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಠಾಣೆಗೂ ಶಾಸಕರ ಮನೆಗೂ ಬೆಂಕಿ ಬಿತ್ತು. ಗೋಲಿಬಾರಿನಲ್ಲಿ ಯುವಕರು ಸತ್ತರು. ಅದೇ ರಾತ್ರಿ ಅದೇ ಬಡಾವಣೆಯ ಮುಸಲ್ಮಾನ ಹುಡುಗರು ಕೈಕೈ ಹಿಡಿದು ಅಲ್ಲಿನ ದೇವಸ್ಥಾನದ ಸುತ್ತ ನಿಂತರು. ನನಗೆ ದೊಡ್ಡಮ್ಮನ ಅವರೆಕಾಯಿ ಮೊರ ನೆನಪಾಯಿತು.

ಇಷ್ಟೆಲ್ಲ ಊರವರ ಕತೆ ಹೇಳಿದೆ. ಇನ್ನು ನನ್ನದು.

2018ರ ಮೇ ತಿಂಗಳು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಆಂಧ್ರದ ಕಡೆಯಿಂದ ತೆಲುಗಿನಲ್ಲಿ ಬಂತು. ಎರಡೇ ದಿನಕ್ಕೆ ಕನ್ನಡದಲ್ಲೂ ಬಂತು. ಜೊತೆಗೊಂದು ಭಯಂಕರ ಚಿತ್ರ. ರಜೆಯಲ್ಲಿ ಮಕ್ಕಳು ಹೊಲ ಹಟ್ಟಿ ಎಂದು ತಿರುಗುವ ಕಾಲ. ನಮ್ಮ ತರಗತಿಯ ತಾಯಂದಿರ ಗುಂಪೊಂದನ್ನು ನಾನೇ ಮಾಡಿದ್ದೆ. ಸುದ್ದಿ ನಿಜವೋ ಸುಳ್ಳೋ, ಹೇಳಿದರೆ ನಷ್ಟವೇನು, ಮಕ್ಕಳ ವಿಷಯ ಎಂದುಕೊಂಡು, ‘ದಯವಿಟ್ಟು ಎಚ್ಚರದಿಂದಿರಿ’ ಎಂದು ಕೆಳಗೆ ಬರೆದು ಕಳಿಸಿಬಿಟ್ಟೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಊರ ಬಾಗಿಲ ಕಡೆಯಿಂದ ಗದ್ದಲ ಕೇಳಿ ಓಡಿದೆ. ತಲೆಗೂದಲು ಕೊಂಡು ಅದಕ್ಕೆ ಪಾತ್ರೆ, ಪಿನ್ನು ಕೊಡುವ ಹೆಂಗಸರು ಬರುತ್ತಾರಲ್ಲ, ಅಂಥವಳೊಬ್ಬಳನ್ನು ಜನ ಸುತ್ತುಗಟ್ಟಿದ್ದರು. ಗಂಟು ಬಿಚ್ಚಿ ಕೂದಲೆಲ್ಲ ಮಣ್ಣಾಗಿತ್ತು. ಹಣೆಯಿಂದ ರಕ್ತ. ಮಕ್ಕಳಿಗೆ ಬಲೂನು ಕೊಟ್ಟಳಂತೆ, ಅದೇ ಅಪರಾಧ. ಒಬ್ಬ ಹುಡುಗ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದ. ನಾನು, “ಬಿಡ್ರೋ, ಯಾರು ಹೇಳಿದ್ದು ನಿಮಗೆ?” ಎಂದು ಕೂಗಿದೆ. ಒಬ್ಬಳು ತಾಯಿ ತನ್ನ ಫೋನನ್ನು ನನ್ನ ಮುಖದ ಮುಂದೆ ಹಿಡಿದು, “ನೀವೇ ಅಲ್ವಾ ಟೀಚರಮ್ಮಾ ಕಳಿಸಿದ್ದು” ಎಂದಳು.

ಅಲ್ಲಿ ನನ್ನ ಹೆಸರಿತ್ತು. ಸುದ್ದಿಗೆ ಬೇರೆ ಆಧಾರ ಏನೂ ಇರಲಿಲ್ಲ, ಆಧಾರ ನಾನು. ಟೀಚರಮ್ಮ ಕಳಿಸಿದ ಮೇಲೆ ನಿಜವೇ ಇರಬೇಕು ಎಂದು ಅವರು ನಂಬಿದ್ದರು.

ಆಕೆಯನ್ನು ಉಳಿಸಿದವಳು ನಾನಲ್ಲ. ಆ ಹೊತ್ತಿಗೆ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಪಕ್ಕದ ಜಗಲಿಯಿಂದ ಅಜ್ಜಿಯೊಬ್ಬಳು ಕೋಲೂರಿಕೊಂಡು ಬಂದು, “ಥೂ, ಇವಳು ವರ್ಷಾ ವರ್ಷಾ ಬರೋಳು ಕಣ್ರೋ. ನನ್ನ ಕೂದಲೆಲ್ಲ ಇವಳಿಗೇ ಹಾಕಿದ್ದು. ಇವಳ ಮಗಳ ಬಾಣಂತನದ ಕತೆ ನನಗೆ ಗೊತ್ತು” ಎಂದು ಬೈದಳು. ಗುಂಪು ಕರಗಿತು. ನಾವು ಆಕೆಗೆ ನೀರು ಕುಡಿಸಿ, ಗಾಯಕ್ಕೆ ಅರಿಶಿನ ಹಾಕಿ, ಪಾವಗಡದ ಬಸ್ಸು ಹತ್ತಿಸಿದೆವು. ನಾನು ಕೊಡಲು ಹೋದ ಇನ್ನೂರು ರೂಪಾಯಿಯನ್ನು ಆಕೆ ಮುಟ್ಟಲಿಲ್ಲ.

ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಯುವಕನೊಬ್ಬನನ್ನು ಇದೇ ಸುದ್ದಿ ನಂಬಿ ಹೊಡೆದು ಕೊಂದರು. ಜುಲೈನಲ್ಲಿ ಬೀದರಿನ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟರೆಂದು ಹೈದರಾಬಾದಿನವರ ಮೇಲೆ ಬಿದ್ದು ಒಬ್ಬ ಇಂಜಿನಿಯರನ್ನು ಕೊಂದರು. ಆಮೇಲೆ ವಾಟ್ಸಾಪಿನವರು ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂದು ಮಿತಿ ಹಾಕಿದರು. ಐದೇನು, ನಾನು ಕಳಿಸಿದ್ದು ಒಂದೇ ಗುಂಪಿಗೆ.

ಗುಂಪಿನಲ್ಲಿ ಕ್ಷಮೆ ಕೇಳಿ ಬರೆದೆ. ಇಬ್ಬರು ಕೈಮುಗಿದ ಚಿತ್ರ ಹಾಕಿದರು. ಒಬ್ಬಳು, “ಯಾವ ಮೆಸೇಜ್ ಮಿಸ್?” ಎಂದು ಕೇಳಿದಳು. ಕಳಿಸಿದ್ದು ಅಷ್ಟು ಬೇಗ ಹರಡುತ್ತದೆ, ತಿದ್ದಿದ್ದು ಹರಡುವುದೇ ಇಲ್ಲ.

ನಾವು ಹೆಂಗಸರು ಗಲಭೆಗೆ ಹೋಗುವವರಲ್ಲ ಎಂದುಕೊಳ್ಳುತ್ತೇವೆ. ಕಲ್ಲು ಹಿಡಿಯುವವರು ಗಂಡು ಹುಡುಗರು, ಅತ್ತು ಕಾಯುವವರು ನಾವು ಎಂದು. ಆದರೆ ಅಡಿಗೆಮನೆಯಲ್ಲಿ ನಿಂತು, ಒಳ್ಳೆಯ ಮನಸ್ಸಿನಿಂದಲೇ, ಹೆಬ್ಬೆರಳಿನ ತುದಿಯಲ್ಲಿ ನಾವೂ ಒಂದು ಕಲ್ಲು ಎತ್ತಿಕೊಡುತ್ತೇವೆ. ದೊಡ್ಡಮ್ಮ ಓದಿದ್ದು ನಾಲ್ಕನೇ ಕ್ಲಾಸು, ನಾನು ಬಿ.ಎ., ಬಿ.ಎಡ್. ಹೊಸ್ತಿಲ ಮೇಲೆ ಯಾರು ಕೂತರು, ಯಾರು ಕೂರಲಿಲ್ಲ ಎಂದು ಹೇಳಬೇಕಾಗಿಲ್ಲ.

ಈಗ ‘ಆಧಾರಗಳು’ ಪಾಠಕ್ಕೆ ಒಂದು ವಾರ ಹೆಚ್ಚು ತೆಗೆದುಕೊಳ್ಳುತ್ತೇನೆ. ಶಾಸನ ನೋಡಿದಾಗ ಕೇಳುವುದನ್ನೇ ಫೋನಿಗೂ ಕೇಳಿ ಎನ್ನುತ್ತೇನೆ: ಇದನ್ನು ಹೇಳಿದವರು ಯಾರು? ಯಾವಾಗ ಹೇಳಿದ್ದು? ಅವರಿಗೆ ಹೇಗೆ ಗೊತ್ತು? ಮೂರಕ್ಕೂ ಉತ್ತರ ಸಿಗದಿದ್ದರೆ ಅಲ್ಲೇ ನಿಲ್ಲಿಸಿ. ನಮ್ಮ ಜೈಲಿಗೆ ಹೋಗಿದ್ದ ಹುಡುಗ ಈಗ ಊರಿನಲ್ಲಿ ಸೋಲಾರ್ ಹಲಗೆ ತೊಳೆಯುವ ದಿನಗೂಲಿ ಕೆಲಸ ಮಾಡುತ್ತಾನೆ. ಒಂದು ದಿನ ಅವನನ್ನು ತರಗತಿಗೆ ಕರೆದೆ. ಮಕ್ಕಳ ಮುಂದೆ ಬಹಳ ಹೊತ್ತು ತಲೆ ತಗ್ಗಿಸಿ ನಿಂತ. ಆಮೇಲೆ, “ಆ ದಿನ ನನ್ನ ಹೆಸರು ಹಿಡಿದು ಯಾರಾದ್ರೂ ಕರೆದಿದ್ರೆ ನಾನು ವಾಪಸ್ ಬರ್ತಿದ್ದೆ” ಎಂದ. ಅಷ್ಟೇ ಹೇಳಿ ಹೋದ.

ಕೂದಲಿನ ಹೆಂಗಸು ನಮ್ಮೂರಿಗೆ ಮತ್ತೆ ಬಂದಿಲ್ಲ. ಆ ಜಗಲಿಯ ಅಜ್ಜಿ ಇನ್ನೂ ತಲೆ ಬಾಚಿದಾಗಲೆಲ್ಲ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸುತ್ತಾಳೆ. ಆ ದಾರಿಯಲ್ಲಿ ಶಾಲೆಗೆ ಹೋಗುವಾಗ ಅವು ಕಣ್ಣಿಗೆ ಬೀಳುತ್ತವೆ. “ಅವಳು ಬರ್ತಾಳೆ ಬಿಡು ಟೀಚರಮ್ಮಾ” ಎನ್ನುತ್ತಾಳೆ ಅಜ್ಜಿ. ಬರಲಿ ಎಂದು ನಾನೂ ಕಾಯುತ್ತಿದ್ದೇನೆ.